ಬೆರಳಿಟ್ಟ ಬಣ್ಣ

ಗೋಡೆಯ ಮೇಲೆ ಎರಡು ಪಟ್ಟಿಗಳಿದ್ದವು. ಒಂದು ಬಾಗಿಲ ಕಡೆಗೆ, ಒಂದು ಕಿಟಕಿಯ ಕಡೆಗೆ, ನಡುವೆ ಮೊಳದಷ್ಟು ಹಳೆಯ ಸುಣ್ಣ. ಪೇಂಟರ್ ಬೀರಲಿಂಗಪ್ಪ ನಿನ್ನೆ ಮಧ್ಯಾಹ್ನ ಹಚ್ಚಿಹೋಗಿದ್ದ. ಒಂದು ಗುಲಾಬಿ, ಇನ್ನೊಂದು ತಿಳಿಹಸಿರು. ಕೋಣೆಯ ನಡುವೆ ಎಳೆದಿಟ್ಟ ಮಂಚದ ಮೇಲೆ ಚಹಾದ ಬಸಿ ಹಿಡಿದು ಕೂತ ಅಬ್ರಾರನ ಕಣ್ಣಿಗೆ ಎರಡೂ ಒಂದೇ ಆಗಿದ್ದವು. ಹತ್ತು ಸಲ ಒಗೆದ ಅಂಗಿಯಲ್ಲಿ ಉಳಿಯುವಂಥ, ಹೆಸರಿಲ್ಲದ ಒಂದು ಮಸುಕು. ಬಾಗಿಲ ಕಡೆಯದು ಗುಲಾಬಿ ಎಂದು ಅವನಿಗೆ ಗೊತ್ತಿದ್ದದ್ದು ಕಿವಿಯಿಂದ. 'ಈ ಬಾಗಲಾ ಕಡೀ ಗುಲಾಬಿ ಭಾಳ ನಡದೈತ್ರಿ ಈಗ' ಎಂದು ಬೀರಲಿಂಗಪ್ಪ ಬ್ರಷ್ಷು ತೊಳೆಯುತ್ತಾ ಅಂದಿದ್ದ. ಬಾಗಿಲು ಗುಲಾಬಿ, ಕಿಟಕಿ ಹಸಿರು. ಪರೀಕ್ಷೆಗೆ ಇಸವಿಗಳನ್ನು ಬಾಯಿಪಾಠ ಮಾಡಿದಂತೆ ಇದನ್ನೂ ರಾತ್ರಿ ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡು ಮಲಗಿದ್ದ. ಇಪ್ಪತ್ತೆಂಟು ವರ್ಷ ಹೀಗೆಯೇ ದಾಟಿಸಿದ್ದ. ಯಾರಿಗೂ ಗೊತ್ತಿರಲಿಲ್ಲ. ಬೆಟಗೇರಿಯ ಅರ್ಧ ಮಗ್ಗಗಳಿಗೆ ನೂಲಿಗೆ ಬಣ್ಣ ಹಾಕಿಕೊಡುವ ಅಲ್ಲಾಉದ್ದೀನಸಾಬರ ಕಿರಿಯ ಮಗನಿಗೆ ಕೆಂಪು ಹಸಿರುಗಳ ಭೇದ ಕಾಣುವುದಿಲ್ಲ ಎಂದು ಗೊತ್ತಾದರೆ ಊರು ಎಷ್ಟು ನಕ್ಕೀತು ಎಂಬುದನ್ನು ಅವನು ಲೆಕ್ಕ ಹಾಕಿ ನೋಡಿದ್ದ. ಊರು ನಗುವುದಕ್ಕಿಂತ ಮೊದಲು ತಾನೇ ಊರಿನ ಮೇಲೆ ನಗುವುದು ಅವನು ಕಂಡುಕೊಂಡ ದಾರಿ.

ನಗಲಿಕ್ಕೆ ಕಾರಣಗಳಿಗೆ ಬರವಿರಲಿಲ್ಲ. ಗದಗ ಜಿಲ್ಲೆಯಾಗಿ ವರ್ಷವಾಗಿತ್ತು, ಮಂದಿಗೆ ಬಣ್ಣದ ಹುಚ್ಚು ಹಿಡಿದಿತ್ತು. ತನ್ನ ಅಂಗಡಿ ಜಿಲ್ಲಾ ಕೇಂದ್ರದ ಅಂಗಡಿ ಎಂದು ನೆನಪಾದ ಕಿರಾಣಿಯವನು ಕದಗಳಿಗೆ ಎಣ್ಣೆಬಣ್ಣ ಹೊಡೆಸಿದ. ಅವನನ್ನು ನೋಡಿ ಹಿಟ್ಟಿನ ಗಿರಣಿಯವನು. ಅಬ್ರಾರ ಗುಮಾಸ್ತನಾಗಿದ್ದ ಹೊಸ ಕಚೇರಿಯಲ್ಲಿಯೂ ಕಡತ ಇಡಲು ಕಪಾಟು ಬರುವ ಮೊದಲು ಗೋಡೆಗೆ ಬಣ್ಣ ಬಂತು. ಇವರಿಗೆಲ್ಲ ಗೋಡೆ ಹೊಸದಾದರೆ ತಾವೂ ಹೊಸಬರಾದೆವು ಎಂಬ ಭ್ರಮೆ ಎಂದು ಅವನು ಪಕ್ಕದ ಮೇಜಿನ ಗೆಳೆಯರಿಗೆ ಹೇಳಿ ನಗಿಸಿದ್ದ. ಆಮೇಲೆ ಮನೆಗೆ ಬಂದರೆ ಸಾಯಿಮಾ ಮಾಳಿಗೆಯ ಕೋಣೆಗೆ ಬಣ್ಣ ಹಚ್ಚಿಸಬೇಕು ಅಂದಿದ್ದಳು. ಮದುವೆಯಾಗಿ ಮೂರು ವರ್ಷಕ್ಕೆ ಅವಳು ಬಾಯಿಬಿಟ್ಟು ಕೇಳಿದ ಮೊದಲ ಸಂಗತಿ ಅದು. ಲಕ್ಷ್ಮೇಶ್ವರದ ತವರಿನಲ್ಲಿ ಅವಳ ಕೋಣೆಗೆ ಒಂದೊಂದು ಈದಿಗೆ ಒಂದೊಂದು ಬಣ್ಣ ಹಚ್ಚುತ್ತಿದ್ದರಂತೆ. ಅದನ್ನು ಅವಳು ಹೇಳುವಾಗ ಮುಖದಲ್ಲಿ ಬಂದ ಬೆಳಕನ್ನು ಕಂಡು ಅವನಿಗೆ ಸಿಟ್ಟು ಬಂದಿತ್ತು. ಗೋಡೆಯ ಬಗ್ಗೆ ಮಾತಾಡುವಾಗ ಇಷ್ಟು ಹಿಗ್ಗುವ ಹೆಂಗಸಿನೊಡನೆ ತಾನು ಹೇಗೆ ಬಾಳಬೇಕು ಎಂದುಕೊಂಡಿದ್ದ.

'ಏನ ಅನಸ್ತದರಿ?' ಸಾಯಿಮಾ ಬಾಗಿಲಲ್ಲಿ ನಿಂತು ಕೇಳಿದಳು. ಕೈಯಲ್ಲಿ ಬೀರಲಿಂಗಪ್ಪ ಬಿಟ್ಟುಹೋದ ಬಣ್ಣದ ನಮೂನೆಯ ಚೀಟಿಗಳ ಮಡಿಕೆ. ನಿನ್ನೆಯಿಂದ ಅದನ್ನು ಬಿಚ್ಚಿ ಬಿಚ್ಚಿ ಅಂಚು ಹಣ್ಣಾಗಿತ್ತು.

'ಏನ ಅನಸಬೇಕು?'

'ಎರಡೂ ನೋಡಿದ್ರಲ್ಲಾ. ಗುಲಾಬಿ ಮನಸ್ಸಿಗೆ ಬೆಚ್ಚಗ ಅನಸ್ತದ ನನಗ. ಹಸಿರು ಕಣ್ಣಿಗೆ ತಂಪು. ಆದ್ರ ಸಂಜಿಮುಂದ ಗುಲಾಬಿ ಎದ್ದ ಕಾಣತದ, ಹಸಿರು ಸತ್ತಂಗ ಆಗತದ. ಮುಂಜಾನಿ ಹಸಿರ ಚಂದ. ನಾವು ಈ ಖೋಲ್ಯಾಗ ಇರೂದು ಸಂಜಿಗೆ, ಹೌದಲ್ರಿ?' ಅವಳು ಇದನ್ನೆಲ್ಲ ಯೋಚಿಸಿದ್ದಳು. ಬಹುಶಃ ರೊಟ್ಟಿ ಬಡಿಯುವಾಗ. 'ನೀವು ಒಂದು ಮಾತ ಹೇಳ್ರಿ. ಬೀರಲಿಂಗಪ್ಪ ಹನ್ನೆರಡಕ್ಕ ಆಫೀಸಿನ ಕಟ್ಟಡಕ್ಕ ಹೊಂಟ ಬಿಡ್ತಾನಂತ.'

'ಒಂದು ಮಿಠಾಯಿ ಅಂಗಡಿ ಬಣ್ಣ, ಇನ್ನೊಂದು ದವಾಖಾನಿ ಬಣ್ಣ. ನೀ ಎಲ್ಲಿ ಮಲಗಬೇಕು ಅಂತಿ, ಅಂಗಡ್ಯಾಗೋ, ದವಾಖಾನ್ಯಾಗೋ?'

ಹೇಳಿದ ಮೇಲೆ ಅದು ಚೆನ್ನಾಗಿತ್ತು ಅನಿಸಿತು. ಸಾಯಿಮಾ ಚೀಟಿಗಳನ್ನು ಮಡಿಚಿದಳು. ಅವಳು ಹೀಗೆ ಮಡಿಚಿಕೊಳ್ಳುವುದು ಅವನಿಗೆ ಗೊತ್ತಿತ್ತು. ಸೀರೆ ತಂದಾಗ, ಬಳೆ ಇಟ್ಟುಕೊಂಡಾಗ, ಅವಳ ತಂಗಿ ಕಸೂತಿ ಹಾಕಿ ಕಳಿಸಿದ ತಲೆದಿಂಬಿನ ಗವಸು ತೋರಿಸಿದಾಗ, ಒಂದೊಂದಕ್ಕೂ ಅವನ ಹತ್ತಿರ ಒಂದು ಮಾತು ತಯಾರಿರುತ್ತಿತ್ತು. 'ಹಳ್ಳ್ಯಾರ ಬಣ್ಣ.' 'ಬ್ಯಾಂಡಿನವರ ಅಂಗಿ ಇದ್ದಂಗ ಐತಿ.' ಯಾವ ಬಣ್ಣಕ್ಕೂ ಸಲ್ಲುವ ಮಾತುಗಳು. ಹೆಸರು ಹೇಳದೆ ಹೀಯಾಳಿಸಿದರೆ ಸಿಕ್ಕಿಬೀಳುವ ಭಯವಿಲ್ಲ. ಹುಬ್ಬಳ್ಳಿಯ ಆ ಡಾಕ್ಟರನೂ ಹೀಗೆಯೇ ಸುಮ್ಮನೆ ಪುಸ್ತಕ ಮಡಿಚಿದ್ದ. ಬಿ.ಎ. ಮುಗಿದ ವರ್ಷ ರೈಲಿನ ನೌಕರಿಗೆ ಕಣ್ಣು ತೋರಿಸಲು ಹೋದಾಗ. ಪುಟದ ತುಂಬ ಚುಕ್ಕೆಗಳು, ಚುಕ್ಕೆಗಳ ನಡುವೆ ಅಂಕಿಯಿದೆಯಂತೆ. ಮೊದಲ ಪುಟದ ಅಂಕಿ ಕಂಡಿತು. ಆಮೇಲೆ ಬರೀ ಚುಕ್ಕೆ. ಡಾಕ್ಟರ ಒಂದೊಂದೇ ಪುಟ ಅವಸರವಿಲ್ಲದೆ ತಿರುವುತ್ತಾ ಹೋದ. ಹಿಂದೆ ಸಾಲಿನಲ್ಲಿ ನಿಂತಿದ್ದ ಮುಂಡರಗಿಯ ಕಡೆಯ ಹುಡುಗನೊಬ್ಬ ಅಂಕಿಗಳನ್ನು ಸಣ್ಣ ದನಿಯಲ್ಲಿ ತಾನೇ ಓದುತ್ತಿದ್ದ, ಸಹಾಯ ಮಾಡಲೋ ಅಥವಾ ತನಗೆ ಕಾಣುತ್ತದೆ ಎಂಬ ಖುಷಿಗೋ. ಮನೆಗೆ ಬಂದು ಅಬ್ರಾರ, ಹಳಿಯ ಮೇಲೆ ಕಂದೀಲು ಹಿಡಿದು ನಿಲ್ಲಲು ಪದವಿ ಯಾಕೆ ಬೇಕು, ನನಗೆ ಬೇಡ ಅಂದೆ ಎಂದಿದ್ದ. ತಂದೆ ಏನೂ ಕೇಳದೆ ತಲೆಯಾಡಿಸಿದ್ದರು. ಎಂಥ ಪೆದ್ದ ಮನುಷ್ಯ, ಏನು ಹೇಳಿದರೂ ನಂಬುತ್ತಾರೆ ಎಂದು ಅವನಿಗೆ ಅವತ್ತು ಸಮಾಧಾನವೂ ತಿರಸ್ಕಾರವೂ ಒಟ್ಟಿಗೇ ಆಗಿದ್ದವು.

ಆದರೆ ಡಾಕ್ಟರನ ಪುಸ್ತಕಕ್ಕಿಂತ ಎರಡು ವರ್ಷ ಮೊದಲೇ ಪುಂಡಲೀಕಪ್ಪನ ನೂಲು ಇತ್ತು. ಅದರ ನೆನಪು ಬರುವುದು ಬೇಡವೆಂದು ಅಬ್ರಾರ ಬಸಿಯ ತಳದ ಚಹಾವನ್ನು ಒಂದೇ ಗುಟುಕಿಗೆ ಕುಡಿದ. ಪುಂಡಲೀಕಪ್ಪ ಬೆಳ್ಳಟ್ಟಿಯ ಒಂದು ಮದುವೆಗೆ ಹಸಿರು ಸೀರೆಗಳನ್ನು ನೇಯಲು ಒಪ್ಪಿಕೊಂಡಿದ್ದ ನೇಕಾರ. ಸುತ್ತಿ ಕಟ್ಟಿದ ನೂಲಿನ ಲಡಿಗಳ ಜೊತೆಗೆ ನಮೂನೆಯ ಒಂದು ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಬಂದು ಕೊಟ್ಟಿದ್ದ. ತಂದೆ ಊರಲ್ಲಿರಲಿಲ್ಲ. ಅಣ್ಣ ಶಾಹಬಾಜ ಒಲೆಗೆ ಕಟ್ಟಿಗೆ ತರಲು ಹೋಗುವಾಗ, 'ಲೇ, ನೀರು ಕುದ್ದ ಕೂಡಲೇ ಎರಡು ಬೊಗಸಿ ಪುಡಿ ಹಾಕು, ಎಡಗಡಿ ಡಬ್ಬಿ' ಅಂದಿದ್ದ. ಅವನ ಎಡವೋ ತನ್ನ ಎಡವೋ ಎಂದು ಅಬ್ರಾರ ಕೇಳಲಿಲ್ಲ. ಡಬ್ಬಿಗಳಿಗೆ ಚೀಟಿ ಇರುತ್ತಿರಲಿಲ್ಲ. ಬಣ್ಣಗಾರನ ಮನೆಯಲ್ಲಿ ಡಬ್ಬಿಗೆ ಚೀಟಿ ಅಂಟಿಸುವುದು ನಾಚಿಕೆಯ ಮಾತು. ಲಡಿಗಳು ಹಂಡೆಯಿಂದ ಕೆಂಪಾಗಿ ಎದ್ದವಂತೆ. ಅವನಿಗೆ ಅವು ಎಷ್ಟು ಬೇಕೋ ಅಷ್ಟು ಹಸಿರಾಗಿಯೇ ಕಂಡಿದ್ದವು. ಸಂಜೆ ಬಂದ ತಂದೆ 'ಹಂಡೆದ ಹತ್ತಿರ ಯಾರಿದ್ರಿ?' ಎಂದು ಕೇಳಿದಾಗ ಅವನ ತೊಡೆಯ ಮೇಲೆ ಇತಿಹಾಸದ ಪುಸ್ತಕ ತೆರೆದೇ ಇತ್ತು. ಶಾಹಬಾಜ ಒಮ್ಮೆ ಅವನ ಕಡೆ ನೋಡಿದ. ಅಬ್ರಾರ ಪುಟ ತಿರುವಿದ. ತಂದೆ ಹಸಿ ಲಡಿಯನ್ನೇ ಎತ್ತಿ ಶಾಹಬಾಜನ ಮುಖಕ್ಕೆ ಹೊಡೆದರು. ಕೆನ್ನೆಯ ಮೇಲೆ ಉಳಿದದ್ದು ಬಣ್ಣವೋ ಬಾಸುಂಡೆಯೋ ಅಬ್ರಾರನಿಗೆ ತಿಳಿಯಲಿಲ್ಲ. ಆ ವಾರವೇ ಶಾಹಬಾಜ ಮುಂಡರಗಿಗೆ ಹೋದ. ಅಲ್ಲಿ ಹಗ್ಗ, ಲಾರಿಗೆ ಹೊದಿಸುವ ತಾಡಪತ್ರಿ ಮಾರುವ ಅಂಗಡಿ ಇಟ್ಟ. ಎಂಟು ವರ್ಷವಾಯಿತು. ಈದಿಗೆ ಬರುತ್ತಾನೆ, ಉಣ್ಣುತ್ತಾನೆ, ಮಧ್ಯಾಹ್ನದ ಬಸ್ಸಿಗೆ ಹೋಗುತ್ತಾನೆ. ಎಳೆ ನೋಡಿ ಮೂರೇ ಮಾತಿನಲ್ಲಿ ಬಣ್ಣದ ಹದ ಹೇಳುತ್ತಿದ್ದ ಅವನ ಕಣ್ಣು ಈಗ ತಾಡಪತ್ರಿ ನೋಡುತ್ತದೆ. ತನ್ನ ಗುಟ್ಟು ಬಯಲಾದರೆ ನಗುವಷ್ಟಕ್ಕೆ ಮುಗಿಯುವುದಿಲ್ಲ, ಆ ಲಡಿಯೂ ಬಿಚ್ಚುತ್ತದೆ ಎಂಬುದು ಅಬ್ರಾರನಿಗೆ ಗೊತ್ತಿತ್ತು.

ಅವನು ಬೀದಿಗೆ ಹೋಗಿ ಸುಮ್ಮನೆ ಒಂದು ಸುತ್ತು ಹಾಕಿ ಬಂದ. ಮಗ್ಗಗಳ ಸದ್ದು, ಎಲ್ಲೋ ಒಂದು ಮುದ್ರಣ ಯಂತ್ರದ ಸದ್ದು. ಹಿಂತಿರುಗಿ ಮಾಳಿಗೆಯ ಮೆಟ್ಟಿಲು ಹತ್ತುವಾಗಲೇ ಬೀರಲಿಂಗಪ್ಪನ ದನಿ ಕೇಳಿಸಿತು. ತಂದೆಯೂ ಮೇಲೆ ಬಂದಿದ್ದರು. ಎಂದೂ ಹೋಗದ ಬಣ್ಣ ಮೊಣಕೈವರೆಗೆ ಅಂಟಿದ ಕೈಗಳನ್ನು ಹಿಂದೆ ಕಟ್ಟಿಕೊಂಡು, ಸೊಸೆಯ ಕೋಣೆಯಲ್ಲಿ ನಿಲ್ಲುವುದಕ್ಕೆ ಸಂಕೋಚಪಟ್ಟು, ಹೊಸ್ತಿಲ ಹತ್ತಿರವೇ ನಿಂತಿದ್ದರು.

'ಬರ್ರಿ ಸಾಹೇಬ್ರ,' ಬೀರಲಿಂಗಪ್ಪ ಅಂದ. 'ಆ ಗೋಡಿಗೆ ಬೆಳಕ ಸಾಲಾಂಗಿಲ್ಲಂತ ಈ ಗೋಡಿಗೂ ಎರಡು ಪಟ್ಟಿ ಹಚ್ಚೇನಿ. ಎಲ್ಲಾರೂ ಕೂಡೀರಿ, ಈಗ ಬೆರಳ ಇಟ್ಟ ಬಿಡ್ರಿ. ಅಲ್ಲಿ ಆಫೀಸಿನ್ಯಾಗ ನನ್ನ ದಾರಿ ಕಾಯಾಕತ್ತಾರ.'

ಬೆರಳಿಡುವುದು ಆ ಮನೆಯ ಪದ್ಧತಿ, ಬೀರಲಿಂಗಪ್ಪನಿಗೂ ಗೊತ್ತಿತ್ತು. ನೇಕಾರ ನಮೂನೆಗಳ ಮೇಲೆ ಬೆರಳಿಟ್ಟು ಬಣ್ಣದ ಹೆಸರು ಹೇಳಬೇಕು. ಹೆಸರು ಹೇಳಿದ ಮೇಲೆ ಅವನೂ ಮಾತು ಬದಲಿಸುವಂತಿಲ್ಲ, ಅಲ್ಲಾಉದ್ದೀನಸಾಬರೂ ಬದಲಿಸುವಂತಿಲ್ಲ.

'ಸಾಯಿಮಾ ಇಡಲಿ,' ತಂದೆ ತಟ್ಟನೆ ಅಂದರು. 'ಹೆಣ್ಮಕ್ಕಳ ಖೋಲಿ. ಗಂಡಸರದೇನ ಕೆಲಸ ಇದರಾಗ?'

ಈ ಮನುಷ್ಯ ಯಾವಾಗಲೂ ಹೀಗೆಯೇ. ಬಟ್ಟೆ ಅಂಗಡಿಯಲ್ಲಿ, ನೆಂಟರ ಮನೆಯಲ್ಲಿ, ಬಣ್ಣದ ಮಾತು ಬಂದಲ್ಲೆಲ್ಲ ಮಗನನ್ನು ಬದಿಗೆ ಸರಿಸಿ ಬಾಯಿ ಹಾಕುತ್ತಾರೆ. ನಾಲ್ಕಕ್ಷರ ಕಲಿಯದವನಿಗೆ ಕಲಿತ ಮಗನ ಮೇಲೆ ಇರುವುದು ಇದೊಂದೇ ಅಧಿಕಾರ, ಅದನ್ನು ಬಿಟ್ಟುಕೊಡಲಾರರು. ಅಬ್ರಾರ ಮುಂದೆ ಬಂದ. ಬಾಗಿಲು ಗುಲಾಬಿ, ಕಿಟಕಿ ಹಸಿರು.

'ನಾನ ಇಡ್ತೇನಿ. ಇದಕ್ಕೇನು ದೊಡ್ಡ ಪಂಚಾಯ್ತಿ?' ಈ ಗೋಡೆಯ ಬಾಗಿಲ ಕಡೆಯ ಪಟ್ಟಿಯ ಮೇಲೆ ತೋರುಬೆರಳನ್ನು ಒತ್ತಿದ. ಹಸಿ ಬಣ್ಣ ತಣ್ಣಗೆ ಅಂಟಿತು. 'ಈ ಗುಲಾಬಿ ಲಗ್ನದ ಹಂದರಕ್ಕ ಚಂದ, ಮನುಷ್ಯಾರು ಮಲಗೂ ಖೋಲಿಗಲ್ಲ. ಇದನ್ನ ಅಳಸು. ಆ ಹಸಿರ ಹಚ್ಚು.'

ಬೀರಲಿಂಗಪ್ಪ ಬಾಯಿ ತೆರೆದ, ಮುಚ್ಚಿದ, ಆಮೇಲೆ ಹೊಟ್ಟೆ ಹಿಡಿದು ನಕ್ಕ. 'ಖರೇವಂದ್ರೂ ನಿಮ್ಮ ಚ್ಯಾಷ್ಟಿಗೆ ಮಿತಿ ಇಲ್ಲ ಬಿಡ್ರಿ! ನೀವು ಬೆರಳ ಇಟ್ಟದ್ದ ಹಸಿರ ಮ್ಯಾಲರಿ! ಈ ಗೋಡಿಗೆ ನಾ ಗುಲಾಬಿ ಕಿಟಕೀ ಕಡಿಂದ ಶುರು ಮಾಡೇನಿ.'

ತಂದೆಯೂ ನಕ್ಕರು. ಅವರು ಹಾಗೆ ಗಟ್ಟಿಯಾಗಿ ನಕ್ಕದ್ದನ್ನು ಅಬ್ರಾರ ಕೇಳಿರಲಿಲ್ಲ. 'ಇವಂದು ಸಣ್ಣಾಂವ ಇದ್ದಾಗಿಂದ ಹಿಂಗ ನೋಡು ಬೀರಪ್ಪ. ಬಾಯಿ ಒಂದ ಕಡೆ, ಲಕ್ಷ್ಯ ಒಂದ ಕಡೆ. ಆಫೀಸಿನ ತಲಿ. ಹೋಗು, ಕೆಳಗ ಚಾ ಆಗೇತಿ, ಕುಡದ ಬಾ.' ಪೇಂಟರನ ಹೆಗಲು ಹಿಡಿದು ಮೆಟ್ಟಿಲವರೆಗೆ ನೂಕಿಯೇ ಬಿಟ್ಟರು.

ಸಾಯಿಮಾ ನಗಲಿಲ್ಲ. ಅವನ ಬೆರಳನ್ನೇ ನೋಡುತ್ತಿದ್ದಳು. 'ನಿಮ್ಮ ಬೆರಳಿಗೆ ಹತ್ತಿದ್ದು ಯಾವ ಬಣ್ಣ?'

'ಹೊಲಸು,' ಅಬ್ರಾರ ಅಂದ. ಯಾವ ಬಣ್ಣಕ್ಕೂ ಸಲ್ಲುವ ಮಾತು. ಆದರೆ ಅವಳು ಈ ಸಲ ಮಡಿಚಿಕೊಳ್ಳಲಿಲ್ಲ.

ತಂದೆ ಅವನ ರಟ್ಟೆ ಹಿಡಿದು ಕೋಣೆಯ ಹೊರಗಿನ ಬಯಲು ಮಾಳಿಗೆಗೆ ಕರೆದುಕೊಂಡು ಹೋದರು. ಅಲ್ಲಿ ಬಿದಿರ ಗಳಗಳ ಮೇಲೆ ಲಡಿಗಳು ಒಣಗುತ್ತಿದ್ದವು. 'ನಾ ಬಾಯಿ ಹಾಕಿದ್ನಲ್ಲೋ. ಸುಮ್ಮನ ಇರಬೇಕಿಲ್ಲೋ ನೀ? ಆಂವ ಹೊಸಾ ಕಟ್ಟಡದಾಗ ಇಪ್ಪತ್ತು ಮಂದಿಗೆ ಹೇಳ್ತಾನ. ಚ್ಯಾಷ್ಟಿ ಅಂತ ಹೇಳಿದ್ರ ನಡದೀತು. ಯಾರರೆ ಒಬ್ಬಾಂವ ಯೋಚನಿ ಮಾಡಿದ್ರ?'

'ಏನ ಯೋಚನಿ ಮಾಡಬೇಕು?' ಅಬ್ರಾರ ಕೇಳಿದ. ತನ್ನ ದನಿ ಸಣ್ಣ ಹುಡುಗನದಾಗಿ ಕೇಳಿಸಿ ಅವನಿಗೇ ಹೇಸಿಕೆಯಾಯಿತು.

'ನಿನಗ ಕೆಂಪು ಹಸಿರು ತಿಳಿಯಾಂಗಿಲ್ಲ ಅಂತ.'

ಅಲ್ಲಾಉದ್ದೀನಸಾಬರು ಅದನ್ನು ಮಳೆ ಬರುವ ಹಾಗಿದೆ ಎಂದಷ್ಟು ಸಹಜವಾಗಿ ಹೇಳಿ ಒಂದು ಲಡಿಯನ್ನು ತಿರುವಿಹಾಕಿದರು. ಅಬ್ರಾರನಿಗೆ ಮೊದಲು ಅರ್ಥವಾದದ್ದು ಲಡಿ ತಿರುವಿದ ಅವರ ಕೈ. ಹೊಸ ಸುದ್ದಿ ಹೇಳುವವನ ಕೈಯಲ್ಲ ಅದು.

'ನಿಮಗ ಗೊತ್ತಿತ್ತಾ, ಅಬ್ಬಾ?'

'ಪುಂಡಲೀಕಪ್ಪನ ನೂಲಿನ ದಿವಸ ಗೊತ್ತಾತು. ಶಾಹಬಾಜ ಹೇಳಿದ. ನಾ ಹೊಡದ ಮ್ಯಾಲ ಹೇಳಿದ, ಅದ ತಪ್ಪಾತು. ಮೊದಲ ಹೇಳಿದ್ರ ಹೊಡೀತಿದ್ದಿಲ್ಲ. ಅವಗ ನೀ ಸಣ್ಣಾಂವ ಇದ್ದಾಗಿಂದ ಗೊತ್ತಿತ್ತು. ನಿನಗ ಕೇಳಿಸಲಿ ಅಂತ ಬಣ್ಣದ ಹೆಸರ ಗಟ್ಟಿಯಾಗಿ ಹೇಳ್ಕೋತ ಕೆಲಸ ಮಾಡ್ತಿದ್ದ. ನೋಡಿಲ್ಲೇನು ನೀ?'

ನೋಡಿದ್ದ. ಅಣ್ಣನಿಗೆ ತನ್ನ ಜಾಣತನ ಮೆರೆಸುವ ಚಟ ಎಂದುಕೊಂಡಿದ್ದ.

'ಹಂಗಿದ್ರ ಅವನನ್ಯಾಕ ಕಳಿಸಿದ್ರಿ?'

'ಆಂವ ತಾನಾಗೇ ಹೋದ. ಮಗಾ ತಪ್ಪ ಮಾಡ್ದ, ಹೊರಗ ಹಾಕೀವಿ ಅಂದ್ರ ಪುಂಡಲೀಕಪ್ಪ ನಂಬ್ತಾನ, ಪ್ಯಾಟಿ ನಂಬತದ. ಬಣ್ಣಗಾರ ಮನ್ಯಾಗ ಬಣ್ಣ ಕಾಣದಾಂವ ಅದಾನಂದ್ರ ನೂಲ ಯಾರ ಕೊಡ್ತಾರ? ನಿನಗ ಹೆಣ್ಣ ಯಾರ ಕೊಡ್ತಿದ್ರು?' ತಂದೆ ಇನ್ನೊಂದು ಲಡಿ ತಿರುವಿದರು. 'ನಿನ್ನ ತಲಿ ಚುರುಕ ಅಂತ ಕಾಲೇಜ ಬಿಡಸಲಿಲ್ಲ ಅಂತ ತಿಳಕೊಂಡಿ ನೀ. ಹಂಗ ಇರಲಿ ಅಂತ ನಾವೂ ಬಿಟ್ವಿ. ಹಂಡೆದ ಸನೇಕ ಬರಬಾರದು ಅಂತ ಓದಿಸಿದ್ವಿ.'

ಕೆಳಗೆ ಬೀರಲಿಂಗಪ್ಪ ಯಾರೊಡನೆಯೋ ಜೋರಾಗಿ ಮಾತಾಡುವುದು ಕೇಳಿಸುತ್ತಿತ್ತು. ಎಂಟು ವರ್ಷ ತಾನೊಬ್ಬನೇ ಹೊತ್ತಿದ್ದೇನೆಂದುಕೊಂಡ ಗುಟ್ಟನ್ನು ಅಬ್ರಾರ ನೋಡಿದ. ಅದಕ್ಕೆ ಆ ಕಡೆಯಿಂದ ಇಬ್ಬರು ಹೆಗಲು ಕೊಟ್ಟಿದ್ದರು. ಇವರನ್ನು ಪೆದ್ದರೆಂದು ತಿಳಿದು ಅವನು ಎಷ್ಟು ಮಾತುಗಳನ್ನಾಡಿದ್ದ, ಇವರು ಎಷ್ಟು ಸಲ ತಲೆಯಾಡಿಸಿದ್ದರು. ಪದವಿ, ಕಚೇರಿ, ಮೇಜು, ಗೆಳೆಯರನ್ನು ನಗಿಸುವ ಆ ನಾಲಿಗೆ, ಎಲ್ಲವೂ ಒಬ್ಬ ಕುರುಡನನ್ನು ಬಾವಿಯಿಂದ ದೂರ ಕೂಡಿಸಲು ಹಾಕಿಕೊಟ್ಟ ಕಟ್ಟೆ. ಅಪರಾಧ ಮಾಡಿದವನೆಂಬ ಒಂದು ಘನತೆಯಾದರೂ ಅವನಿಗೆ ಇಷ್ಟು ದಿನ ಇತ್ತು. ಒಬ್ಬನೇ ಕೂತಾಗ ಅದನ್ನು ತೆಗೆದು ನೋಡಿಕೊಂಡು ನೋಯುವುದು ಅವನಿಗೆ ಒಂದು ಬಗೆಯ ಸುಖವೂ ಆಗಿತ್ತು. ಅದೂ ಇವರ ಕೃಪೆ. ಸಿಟ್ಟು ಬರಲಿ ಎಂದು ಕಾದ. ಬರಲಿಲ್ಲ. ತಂದೆ ಕೈ ಒರೆಸಿಕೊಳ್ಳುತ್ತಾ ಕೆಳಗಿಳಿದು ಹೋದರು. ಅವರಿಗೆ ಒಲೆಯ ಮೇಲೆ ನೀರಿತ್ತು.

ಸಾಯಿಮಾ ಕೋಣೆಯ ಬಾಗಿಲಲ್ಲಿಯೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ಕೇಳಿಸಿಕೊಂಡದ್ದನ್ನು ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. ಅವಳು ಅಳಬಹುದು, ಅಥವಾ ಹತ್ತಿರ ಬಂದು ಕೈ ಹಿಡಿಯಬಹುದು ಎಂದು ಅಬ್ರಾರ ಅಂಜಿದ. ಅವೆರಡಕ್ಕೂ ಉತ್ತರವಾಗಿ ಒಂದೊಂದು ಕಟುವಾದ ಮಾತನ್ನು ಮನಸ್ಸು ಆಗಲೇ ಹುಡುಕುತ್ತಿತ್ತು.

'ನನ್ನ ಮದುವಿ ಓಢಣಿ ಯಾವ ಬಣ್ಣ ಇತ್ತು?' ಅವಳು ಕೇಳಿದಳು.

ಅವನು ಬೆರಳಿಗೆ ಹತ್ತಿದ ಬಣ್ಣವನ್ನು ಹೆಬ್ಬೆರಳಿನಿಂದ ತಿಕ್ಕಿದ.

'ಬ್ಯಾಂಡಿನವರ ಅಂಗಿ ಅಂದಿದ್ರಿ ನೀವು. ಮದುವ್ಯಾಗಿ ಎಂಟು ದಿವಸಕ್ಕ. ನಾ ಅದನ್ನ ಮತ್ತ ಹೊದಿಲಿಲ್ಲ. ತಂಗಿಗೆ ಕೊಟ್ಟ ಬಿಟ್ಟೆ. ಆಮ್ಯಾಲ ಅಂಗಡಿಗೆ ಹೋದಾಗೆಲ್ಲ ಒಂದು ಬಟ್ಟಿ ಕೈಗೆತ್ತಿಕೊಂಡ ಕೂಡಲೇ ಅನಸ್ತಿತ್ತು, ನನಗೇನ ತಿಳೀತದ, ನಾ ಲಕ್ಷ್ಮೇಶ್ವರದಾಕಿ, ಇವರು ಬಣ್ಣಗಾರ ಮನಿಯವರು ಅಂತ. ಮೂರು ವರ್ಷ ಬೂದಿ ಬಣ್ಣದ ಸೀರಿ ತೊಗೊಂಡೇನ್ರಿ. ನಿಮ್ಮ ಬಾಯಿಗೆ ಸಿಗಬಾರದು ಅಂತ.' ಅವಳು ತನ್ನ ಸೀರೆಯ ಸೆರಗನ್ನು ಹಿಡಿದು ಅವನ ಕಡೆ ಚಾಚಿದಳು. 'ಇದು ಬೂದಿ ಬಣ್ಣ. ಗೊತ್ತಿತ್ತೇನು ನಿಮಗ?'

ಗೊತ್ತಿರಲಿಲ್ಲ. ಅವಳ ಎಲ್ಲ ಸೀರೆಗಳೂ ಅವನಿಗೆ ಹಾಗೆಯೇ ಕಾಣುತ್ತಿದ್ದವು.

ಮೆಟ್ಟಿಲ ಮೇಲೆ ಬೀರಲಿಂಗಪ್ಪನ ಚಪ್ಪಲಿಯ ಸದ್ದಾಯಿತು. ಮೀಸೆಗೆ ಚಹಾದ ನೊರೆ ಹತ್ತಿತ್ತು. 'ಏನಾತ್ರಿ? ಯಾವುದ ಹಚ್ಚಲಿ? ಸಾಹೇಬ್ರು ಬೆರಳ ಇಟ್ಟದ್ದೋ, ಬಾಯಿಲೆ ಹೇಳಿದ್ದೋ?' ಎಂದು ಮತ್ತೆ ನಕ್ಕ.

ಕೋಣೆಯಲ್ಲಿ ನಾಲ್ಕು ಪಟ್ಟಿಗಳಿದ್ದವು. ಅಬ್ರಾರ ಒಳಗೆ ಬಂದು ಒಂದರಿಂದ ಇನ್ನೊಂದಕ್ಕೆ ನೋಡಿದ. ಹಗಲ ಬೆಳಕಿನಲ್ಲಿ, ಕಣ್ಣು ಕಿರಿದು ಮಾಡಿ, ನೋಡುವುದಕ್ಕೆ ಪ್ರಯತ್ನಪಟ್ಟು ನೋಡಿದ. 'ನನಗ ತಿಳಿಯೂದಿಲ್ಲ, ಬೀರಲಿಂಗಪ್ಪ,' ಅಂದ. 'ಎರಡೂ ನನ್ನ ಕಣ್ಣಿಗೆ ಒಂದ ಕಾಣತಾವ.'

'ಆಗತೈತ್ರಿ, ಆಗತೈತಿ!' ಬೀರಲಿಂಗಪ್ಪ ಡಬ್ಬಿಯ ಮುಚ್ಚಳ ಕಿತ್ತ. 'ನಾಕ ಸರ್ತಿ ನೋಡಿದ್ರ ಎಲ್ಲಾರಿಗೂ ಹಂಗ. ಮೊನ್ನಿ ಇಂಜಿನೇರ ಸಾಹೇಬ್ರೂ ಇದ ಮಾತ ಅಂದ್ರು, ಎರಡೂ ಒಂದ ಕಾಣಾಕತ್ತಾವು, ನೀನ ಒಂದ ಹಚ್ಚ ಮಾರಾಯ ಅಂತ. ಕಲಿತವರದೆಲ್ಲಾ ಹಿಂಗ ನೋಡ್ರಿ, ಭಾಳ ವಿಚಾರ ಮಾಡ್ತೀರಿ.'

ಇಪ್ಪತ್ತೆಂಟು ವರ್ಷ ಕಾದು ಹೊರಬಂದ ಮಾತು ಹೀಗೆ ಇಂಜಿನಿಯರನ ಮಾತಿನ ಪಕ್ಕದಲ್ಲಿ ಹೋಗಿ ಕೂತಿತು. ಅಬ್ರಾರ ಸಾಯಿಮಾಳ ಕಡೆ ತಿರುಗಿದ. ಅವಳು ಒಳಗೆ ಬಂದು, ಅವನ ಹಿಂದೆ ನಿಂತು, ಬಣ್ಣದ ಡಬ್ಬಿಗಳೆರಡರಲ್ಲಿ ಒಂದರ ಕಡೆ ಬೆರಳು ತೋರಿಸಿದಳು. ಹೆಸರು ಹೇಳಲಿಲ್ಲ. 'ಅದು.'

'ಇದನ್ನ ನೋಡ್ರಿ ಆರಿಸೂದಂದ್ರ!' ಬೀರಲಿಂಗಪ್ಪ ಬ್ರಷ್ಷು ಅದ್ದಿದ. ಮೂಲೆಯಿಂದ ಶುರುಮಾಡಿ ಅಗಲವಾಗಿ ಎಳೆಯುತ್ತಾ ಬಂದ. ಹಳೆಯ ಸುಣ್ಣ ಮುಚ್ಚಿಹೋಗುತ್ತಿರುವುದು ಅಬ್ರಾರನಿಗೆ ಕಂಡಿತು. ಬ್ರಷ್ಷು ಮೊದಲ ಪಟ್ಟಿಯನ್ನು ದಾಟಿತು, ಎರಡನೆಯದನ್ನೂ ದಾಟಿತು. ಯಾವ ಪಟ್ಟಿ ಉಳಿಯಿತು, ಯಾವುದು ಅಳಿಯಿತು ಎಂದು ಅವನು ಕಣ್ಣು ಕೀಳದೆ ನೋಡಿದರೂ ಗೊತ್ತಾಗಲಿಲ್ಲ. ಸಾಯಿಮಾಳ ಮುಖದಲ್ಲಿ ಮಾತ್ರ ಏನೋ ಆಗುತ್ತಿತ್ತು. ಅವಳು ಗೋಡೆಯನ್ನು, ಊಟಕ್ಕೆ ಕೂತ ಹಸಿದವರು ತಾಟನ್ನು ನೋಡುವ ಹಾಗೆ ನೋಡುತ್ತಿದ್ದಳು. ಅವನ ಬಾಯಿಗೆ ಒಂದು ಮಾತು ಬಂತು. ಅದು ಎಲ್ಲ ಬಣ್ಣಕ್ಕೂ ಸಲ್ಲುವಂಥದೇ ಆಗಿತ್ತು. ಅದನ್ನು ನುಂಗಿದ.

'ಯಾವುದು ಹಚ್ಚಾಕತ್ತಾನ?' ಎಂದು ಸಣ್ಣ ದನಿಯಲ್ಲಿ ಕೇಳಿದ. ಅವಳನ್ನು ಬಣ್ಣದ ಬಗ್ಗೆ ಅವನು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಸಾಯಿಮಾ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. 'ಮುಂಡರಗಿಗೆ ಹೋಗಿ ಶಾಹಬಾಜ ಭಾಯಿನ್ನ ಕರಕೊಂಡ ಬರ್ರಿ,' ಅಂದಳು. 'ಇಲ್ಲೇ ನಿಂದ್ರಿಸಿ ಅವರನ್ನ ಕೇಳ್ರಿ. ಅವರು ಹೇಳ್ತಾರ.'

ಅಬ್ರಾರ ಮೆಟ್ಟಿಲ ಕಡೆ ನೋಡಿದ. ಮುಂಡರಗಿಗೆ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಯೋಚಿಸಿದ. ಗೊತ್ತಿರಲಿಲ್ಲ. ಎಂಟು ವರ್ಷಗಳಲ್ಲಿ ಯಾರನ್ನೂ ಕೇಳಿರಲಿಲ್ಲ.